ಹೂ ಮುಗಿದ ಮೇಲೆ

ಹೂವು ಅರಳಿದ ದಿನಗಳಲ್ಲಿ ತೋಟವನ್ನು ನೋಡಬರುವವರು ಬಹಳ ಮಂದಿ. ಹೂ ಮುಗಿದ ಮೇಲೆ ಅತ್ತ ಹೆಜ್ಜೆಯಿಡುವವರು ಅದನ್ನು ಬೆಳೆಸಿದವರು ಮಾತ್ರ. ಮಾರ್ಗಶಿರ ಕಳೆದು ಪುಷ್ಯ ಕಾಲಿಟ್ಟಂತೆ ನಮ್ಮ ಬಯಲುಸೀಮೆಯ ಮನೆಯಂಗಳಗಳು ಮಂಕಾಗತೊಡಗುತ್ತವೆ. ಸೇವಂತಿಗೆಯ ದಳ ಕಂದುತ್ತದೆ. ಚೆಂಡುಹೂವಿನ ಗಿಡ ಒಂದು ಮಗ್ಗುಲಿಗೆ ಒರಗುತ್ತದೆ. ಮಲ್ಲಿಗೆಯ ಪೊದೆಯಲ್ಲಿ ಎಲೆಯಲ್ಲದೆ ಮತ್ತೇನೂ ಇರುವುದಿಲ್ಲ. ಎಲ್ಲವನ್ನೂ ಕಿತ್ತೆಸೆದು ಮುಂದಿನ ವರ್ಷ ಹೊಸ ಸಸಿಗಳನ್ನು ಕೊಂಡು ತಂದರಾಯಿತು ಎಂದು ಅನೇಕರಿಗೆ ತೋರುವುದು ಈ ಹೊತ್ತಿನಲ್ಲಿಯೇ. ಆದರೆ ಬರುವ ವರ್ಷದ ಹೂವು ಉಂಟೇ ಇಲ್ಲವೇ ಎಂಬುದು ನಿರ್ಧಾರವಾಗುವುದೂ ಇದೇ ಹೊತ್ತಿನಲ್ಲಿ.

ಸರದಿಯಲ್ಲಿ ಮೊದಲನೆಯದು ಮಲ್ಲಿಗೆ. ಇದು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದುದರಿಂದ ನವೆಂಬರ್ ಕೊನೆಗೆ ನೀರನ್ನು ನಿಲ್ಲಿಸಿ ಗಿಡಕ್ಕೆ ಕೆಲವು ವಾರ ವಿಶ್ರಾಂತಿ ಕೊಡಬೇಕು. ಬಳಿಕ ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಸವರಬೇಕು. ಒಣಗಿದ ಕಡ್ಡಿಗಳನ್ನೂ ಬಡಕಲು ಕವಲುಗಳನ್ನೂ ತೆಗೆದುಹಾಕಬೇಕು. ಅನಂತರ ಬುಡ ಬಿಡಿಸಿ ಗೊಬ್ಬರ ಹಾಕಿ ನೀರುಣಿಸಿದರೆ ಬೇಸಿಗೆಯ ಹೊತ್ತಿಗೆ ಚಿಗುರಿನ ತುದಿಯಲ್ಲಿ ಮೊಗ್ಗು ಕಾಣಿಸುತ್ತದೆ. ಕತ್ತರಿಯಾಡಿಸಲು ಮನಸ್ಸು ಬಾರದೆ ಕರುಣೆ ತೋರಿದವರ ಮನೆಯಲ್ಲಿ ಎಲೆ ಬೆಳೆಯುತ್ತದೆ, ಹೂವು ವಿರಳವಾಗುತ್ತದೆ.

ಚೆಂಡುಹೂವಿನ ಮಾತು ಬೇರೆ. ಅದರ ಆಯುಷ್ಯವೇ ಒಂದು ಋತುವಿನದು. ಅದು ಉಳಿಯುವುದು ಬೀಜದಲ್ಲಿ. ಬಾಡಿದ ಹೂಗಳನ್ನು ಆಗಾಗ ಕಿತ್ತರೆ ಬೀಜ ಕಟ್ಟುವುದಕ್ಕೆ ವ್ಯಯವಾಗುವ ಶಕ್ತಿ ಹೊಸ ಮೊಗ್ಗಿಗೆ ಒದಗುತ್ತದೆ. ಆದರೆ ಬೀಜಕ್ಕೆಂದು ಕೆಲವನ್ನು ಬಿಡಲೇಬೇಕು. ಸಾಮಾನ್ಯವಾಗಿ ನಾವು ಒಳ್ಳೆಯ ಹೂಗಳನ್ನೆಲ್ಲ ಕೊಯ್ದುಕೊಂಡು, ಕಡೆಗುಳಿದ ಪುಟ್ಟ ಹೂಗಳಿಂದ ಬೀಜ ತೆಗೆಯುತ್ತೇವೆ. ಆಗಬೇಕಾದದ್ದು ಇದಕ್ಕೆ ವಿರುದ್ಧ. ಹೂವಿನ ಭರದಲ್ಲಿಯೇ ಸೊಂಪಾದ ಗಿಡವೊಂದನ್ನು ಆರಿಸಿ, ಅದರ ದೊಡ್ಡ ಹೂವಿಗೆ ನೂಲು ಕಟ್ಟಿ, ಅದು ಗಿಡದಲ್ಲಿಯೇ ಒಣಗುವವರೆಗೆ ಕಾಯಬೇಕು. ಬೀಜವನ್ನು ನೆರಳಿನಲ್ಲಿ ಆರಿಸಿ ಕಾಗದದ ಪೊಟ್ಟಣದಲ್ಲಿಡಬೇಕು. ಹಳದಿ, ಕೇಸರಿ ಗಿಡಗಳು ಪಕ್ಕಪಕ್ಕದಲ್ಲಿದ್ದರೆ ಬಣ್ಣ ಬೆರೆಯಬಹುದೆಂಬುದನ್ನೂ, ಅಂಗಡಿಯ ಸಂಕರ ತಳಿಯ ಬೀಜ ಮರುವರ್ಷ ತಾಯಿಯಂತೆಯೇ ಬರುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು.

ಇನ್ನು ಸೇವಂತಿಗೆ. ಇದು ಇರುಳು ದೀರ್ಘವಾದಾಗ ಮೊಗ್ಗಿಡುವ ಗಿಡ. ಹೂ ಬಿಟ್ಟ ಕಾಂಡದ ಕೆಲಸ ಅಲ್ಲಿಗೆ ತೀರುತ್ತದೆ. ಬೇರಿನ ಕೆಲಸ ತೀರುವುದಿಲ್ಲ. ಕಾಂಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಮಣ್ಣನ್ನು ಹಗುರವಾಗಿ ಕೆದಕಿ, ಹಿಡಿಯಷ್ಟು ಹಳೆಯ ಕೊಟ್ಟಿಗೆಗೊಬ್ಬರ ಹಾಕಿ ಹದವಾಗಿ ನೀರು ಕೊಟ್ಟರೆ ಕೆಲವು ವಾರಗಳಲ್ಲಿ ಬುಡದ ಸುತ್ತ ಮರಿಗಳೇಳುತ್ತವೆ. ಅವನ್ನು ಬೇರುಸಹಿತ ಬಿಡಿಸಿ ಕುಂಡಗಳಲ್ಲಿ ನೆಟ್ಟು, ಬೇಸಿಗೆಯುದ್ದಕ್ಕೂ ಅರೆನೆರಳಿನಲ್ಲಿ ಕಾಪಾಡಬೇಕು. ಮುಂಗಾರಿನಲ್ಲಿ ಮಡಿಗೆ ಸಾಗಿಸಿ, ತಿಂಗಳ ಬಳಿಕ ಕುಡಿ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ.

ಈ ಮರಿ ಬಿಡಿಸುವ ಕೆಲಸಕ್ಕೆ ಬೇರೊಂದು ಮಹತ್ತ್ವವೂ ಉಂಟು. ನಮ್ಮ ಹಳೆಯ ಮನೆಗಳ ಹಿತ್ತಿಲಲ್ಲಿರುವ ಸೇವಂತಿಗೆಯ ಕೆಲವು ಬಗೆಗಳು ಯಾವ ಅಂಗಡಿಯಲ್ಲಿಯೂ ದೊರೆಯುವಂಥವಲ್ಲ. ಬೀಜದಿಂದ ಅವು ತಾಯಿಯಂತೆ ಹುಟ್ಟುವುದಿಲ್ಲ. ಮರಿಯಿಂದಲೋ ಕಡ್ಡಿಯಿಂದಲೋ ಮಾತ್ರ ಅವುಗಳ ವಂಶ ಮುಂದುವರಿಯಬೇಕು. ತವರಿನಿಂದ ಮಗಳ ಮನೆಗೆ, ಅಲ್ಲಿಂದ ನೆರೆಮನೆಗೆ, ಹೀಗೆ ಕೈಯಿಂದ ಕೈಗೆ ಬಂದದ್ದು ಒಂದು ಬೇಸಿಗೆಯ ಅಸಡ್ಡೆಯಿಂದ ಶಾಶ್ವತವಾಗಿ ಕಳೆದುಹೋಗಬಹುದು. ಹೊಸ ಸಸಿಯನ್ನು ದುಡ್ಡು ಕೊಟ್ಟು ತರಬಹುದು. ಕಳೆದುಹೋದ ಬಗೆಯನ್ನು ತರಲಾಗದು.

ಇಷ್ಟಕ್ಕೆಲ್ಲ ಬೇಕಾಗುವುದು ಹರಿತವಾದ ಒಂದು ಕತ್ತರಿ, ಒಂದು ಬುಟ್ಟಿ ಗೊಬ್ಬರ, ವಾರಕ್ಕೆರಡು ಬೆಳಗಿನ ಬಿಡುವು. ಜೊತೆಗೆ ನಿಮ್ಮ ಮನೆಯ ಸೇವಂತಿಗೆಯ ಎರಡು ಮರಿಗಳನ್ನು ಈ ವರ್ಷ ನೆರೆಮನೆಗೂ ಕೊಡಿ. ನಮ್ಮಲ್ಲಿ ಒಣಗಿಹೋದರೆ ಮರಳಿ ಬೇಡಿ ತರುವುದಕ್ಕೆ ಒಂದು ಬಾಗಿಲಾದರೂ ಇರುತ್ತದೆ.