ಡ್ರೈವರ್‌ನ ಮರೆವು

ನಲ್ಲಿ ಸೋರಿದರೆ ನೀರು ಹರಿದುಹೋಗುತ್ತದೆ. ಕಂಪ್ಯೂಟರಿನ ಮೆಮೊರಿ ‘ಸೋರಿದರೆ’ ಅದು ಇದ್ದಲ್ಲೇ ಇರುತ್ತದೆ, ಬಳಸಲು ಮಾತ್ರ ಯಾರಿಗೂ ಸಿಗುವುದಿಲ್ಲ. ಹಿತ್ತಿಲಲ್ಲಿ ಒಡವೆ ಹೂತಿಟ್ಟ ಅಜ್ಜಿ ಜಾಗ ಹೇಳದೆ ಕಣ್ಮುಚ್ಚಿದ ಹಾಗೆ. ಮೆಮೊರಿ ಲೀಕ್ ಎನ್ನುವ ಬದಲು ಮರೆವು ಎಂದಿದ್ದರೆ ಚೆನ್ನಾಗಿತ್ತು.

2019ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, ಬಿಡಿಭಾಗಗಳನ್ನು ನಡೆಸುವ ಡ್ರೈವರ್‌ಗಳಲ್ಲಿದ್ದ ಇಂಥ ಹಲವು ಮರೆವುಗಳು ಭದ್ರತಾ ದೋಷಗಳ ಪಟ್ಟಿ ಸೇರಿದವು. ಅವುಗಳಲ್ಲೊಂದು ಸಿವಿಇ-2019-19054. ಕಂಪ್ಯೂಟರಿಗೆ ಹಾಕುವ ಟಿವಿ ಕಾರ್ಡ್‌ನಲ್ಲಿ ರಿಮೋಟಿನ ಇನ್‌ಫ್ರಾರೆಡ್ ಸಂಕೇತ ಓದುವ ಭಾಗದ ಡ್ರೈವರ್‌ನಲ್ಲಿದ್ದ ದೋಷ ಅದು. ಕಾರ್ಡ್ ಕಂಡೊಡನೆ ಡ್ರೈವರ್ ತನ್ನ ಲೆಕ್ಕಪತ್ರಕ್ಕೆಂದು ಒಂದಿಷ್ಟು ಮೆಮೊರಿ ಕೇಳಿ ಪಡೆಯುತ್ತದೆ. ಆಮೇಲೆ ಸಂಕೇತಗಳನ್ನು ಸಾಲಾಗಿ ಕೂಡಿಡಲು ಇನ್ನೊಂದಿಷ್ಟು ಕೇಳುತ್ತದೆ. ಎರಡನೆಯದು ಸಿಗದಿದ್ದರೆ ‘ಮೆಮೊರಿ ಸಾಲದು’ ಎಂದು ಹೇಳಿ ಕೆಲಸ ಬಿಟ್ಟು ಹೊರಡುತ್ತದೆ. ಮೊದಲು ಪಡೆದದ್ದನ್ನು ಹಿಂದಿರುಗಿಸುವುದಿಲ್ಲ. ಅದರ ವಿಳಾಸ ಬರೆದಿಟ್ಟಿದ್ದ ಪಾಯಿಂಟರ್ ಫಂಕ್ಷನ್ ಮುಗಿದಾಗಲೇ ಅಳಿಸಿಹೋಗುತ್ತದೆ. ಮೆಮೊರಿಗೆ ಬರ ಬಂದಾಗಲೇ ಈ ಪೋಲು, ನೋಡಿ! ತಿದ್ದಲು, ಮೆಮೊರಿ ಹಿಂದಿರುಗಿಸುವ ‘ಕೆಫ್ರೀ’ ಎಂಬ ಒಂದೇ ಕರೆ ಸಾಕಾಯಿತು.

ಬ್ರೌಸರ್ ಹೀಗೆ ಮರೆತರೆ ಅದನ್ನು ಮುಚ್ಚಿದಾಗ ಕರ್ನಲ್ ಎಲ್ಲವನ್ನೂ ವಾಪಸು ಪಡೆಯುತ್ತದೆ. ಕರ್ನಲ್ಲೇ ಮರೆತರೆ ಕೇಳುವವರಿಲ್ಲ, ರೀಬೂಟ್ ಮಾಡುವವರೆಗೂ ಆ ಜಾಗ ದಂಡ. ಮೆಮೊರಿ ತೀರಿದಾಗ ಲಿನಕ್ಸ್ ಯಾವುದಾದರೂ ಪ್ರೋಗ್ರಾಮನ್ನು ಬಲಿಕೊಟ್ಟು ಜಾಗ ಮಾಡಿಕೊಳ್ಳುತ್ತದೆ. ಡ್ರೈವರ್ ಮಾಡಿದ ತಪ್ಪಿಗೆ ಬ್ರೌಸರಿಗೆ ಶಿಕ್ಷೆ, ಕಳೆದದ್ದು ಮಾತ್ರ ಸಿಕ್ಕುವುದಿಲ್ಲ.

ಹಾಗೆಂದು ಎಲ್ಲ ಲೀಕೂ ಸಮಾನ ಅಪಾಯಕಾರಿಯಲ್ಲ. ಈ ಟಿವಿ ಕಾರ್ಡಿನ ಕೋಡ್ ಸಾಮಾನ್ಯವಾಗಿ ಕಂಪ್ಯೂಟರ್ ಶುರುವಾಗುವಾಗ ಒಮ್ಮೆ ಓಡುತ್ತದೆ, ಅಷ್ಟೆ. ಇದಕ್ಕೆ ನಿದ್ದೆಗೆಡಬೇಕಿಲ್ಲ ಎಂಬುದು ನನ್ನ ಅನಿಸಿಕೆ. ಆದರೆ ಸಾಮಾನ್ಯ ಬಳಕೆದಾರ ಬೇಕೆಂದಾಗ ಕರೆಯಬಹುದಾದ ಕೋಡಿನಲ್ಲಿ ಸೋರಿಕೆಯಿದ್ದರೆ ಕಥೆಯೇ ಬೇರೆ. ಒಂದು ಪುಟ್ಟ ಲೂಪ್ ಬರೆದು ಲಕ್ಷಗಟ್ಟಲೆ ಸಲ ಕರೆದರೆ ಇಡೀ ಸರ್ವರ್ ಮಲಗಬಹುದು.

ಇಂಥ ಸೋರಿಕೆಗಳನ್ನು ಹುಡುಕಲು 2009ರಿಂದ ಕರ್ನಲ್‌ನಲ್ಲೇ ‘ಕೆಮೆಮ್‌ಲೀಕ್’ ಎಂಬ ಪತ್ತೇದಾರ ಇದೆ. ಅದನ್ನು ಚಾಲೂ ಮಾಡಿಟ್ಟರೆ ಹತ್ತು ನಿಮಿಷಕ್ಕೊಮ್ಮೆ ಕರ್ನಲ್‌ನ ಮೆಮೊರಿಯನ್ನು ಜಾಲಾಡಿ, ಕೊಟ್ಟ ಪ್ರತಿ ತುಂಡಿನ ವಿಳಾಸ ಎಲ್ಲಾದರೂ ಉಳಿದಿದೆಯೇ ಎಂದು ನೋಡುತ್ತದೆ. ಎಲ್ಲೂ ಇಲ್ಲದಿದ್ದರೆ ಅನಾಥವೆಂದು ಗುಮಾನಿ. ಯಾವುದೋ ಲೆಕ್ಕದ ಅಂಕಿ ಆ ವಿಳಾಸದಂತೆಯೇ ಕಂಡರೆ ಮೋಸಹೋಗುವುದೂ ಉಂಟು. ಟಿವಿ ಕಾರ್ಡಿನಂಥ ಪ್ರಕರಣದಲ್ಲಂತೂ, ಪರೀಕ್ಷಿಸುವವರ ಕಂಪ್ಯೂಟರಿನಲ್ಲಿ ಮೆಮೊರಿ ಧಾರಾಳವಾಗಿರುವುದರಿಂದ ಎರಡನೆಯ ಬೇಡಿಕೆ ಸೋಲುವುದೇ ಅಪರೂಪ. ಅದು ಸೋಲದಿದ್ದರೆ ಪತ್ತೇದಾರನ ಕಣ್ಣಿಗೆ ಏನೂ ಬೀಳದು. ಯಾರಾದರೂ ಕೂತು ಕೋಡ್ ಓದಬೇಕು.