ನಿಮಗಿದು ಗೊತ್ತೆ? ಪೆಟ್ರೋಲ್ ಬೋಟಿಗಿಂತ ವಿದ್ಯುತ್ ದೋಣಿಯೇ ಹಿರಿಯ!

ಹಳೆಯ ಮೋಟಾರ್ ಬೋಟಿನ ಎಂಜಿನ್ ಕಳಚಿ ಬ್ಯಾಟರಿ ಕೂರಿಸುವುದು ಈಚಿನದಾದರೂ, ವಿದ್ಯುತ್ ದೋಣಿ ಈಚಿನ ಹುಚ್ಚಲ್ಲ. ವಿಜ್ಞಾನಿ ಮೋರಿಟ್ಸ್ ಯಾಕೋಬಿ 1838ರಲ್ಲೇ ರಷ್ಯಾದ ನೇವಾ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿದ್ದ. 1881ರಲ್ಲಿ ಸಂಶೋಧಕ ಗುಸ್ತಾವ್ ಟ್ರೂವೆ, ದೋಣಿಯ ಹಿಂಬದಿಗೆ ಸಿಕ್ಕಿಸಿ ತೆಗೆಯಬಹುದಾದ ವಿದ್ಯುತ್ ಮೋಟಾರನ್ನು ಪ್ಯಾರಿಸ್‌ನಲ್ಲಿ ಪ್ರಯೋಗಿಸಿದ. ಎಂಜಿನಿಯರ್ ಡೈಮ್ಲರ್‌ನ ಪೆಟ್ರೋಲ್ ಬೋಟ್ ನೀರಿಗಿಳಿದದ್ದು 1886ರಲ್ಲಿ.

ಇತ್ತ ನಮ್ಮ ಕರಾವಳಿಗೆ ಬಂದರೆ, ಮಲ್ಪೆ, ಕಾಪು ಕಡಲಿನ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳು ಬಹುಕಾಲ ನೆಚ್ಚಿಕೊಂಡದ್ದು ಸೀಮೆಎಣ್ಣೆಯನ್ನು.

ಇಂಥ ದೋಣಿಗಳನ್ನು ವಿದ್ಯುತ್ತಿಗೆ ಬದಲಿಸಲು ದೊಡ್ಡ ತೊಡಕು ತೂಕ. ಒಂದು ಕಿಲೋ ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ಸುಮಾರು 12 ಯೂನಿಟ್ ಶಕ್ತಿಯಿದ್ದರೆ, ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ ಸಿಕ್ಕರೆ ಹೆಚ್ಚು. ಎಂಜಿನ್ ಇಂಧನದ ಬಹುಪಾಲನ್ನು ಬಿಸಿಯಾಗಿ ಕಳೆಯುತ್ತದೆ, ವಿದ್ಯುತ್ ಮೋಟಾರ್ ಶೇ. 90ರಷ್ಟನ್ನು ಬಳಸಿಕೊಳ್ಳುತ್ತದೆ, ಆದರೂ ಅಂತರ ದೊಡ್ಡದೇ.

ನಿಧಾನವಾಗಿ ಸಾಗಿದರೆ ಲಾಭವುಂಟು. ವೇಗ ಅರ್ಧಕ್ಕಿಳಿದರೆ ಗಂಟೆಗೆ ಬೇಕಾಗುವ ಶಕ್ತಿ ಸುಮಾರು ಎಂಟನೇ ಒಂದಕ್ಕಿಳಿಯುತ್ತದೆ. ಹಾಗಾಗಿ ದಿನಗಟ್ಟಲೆ ಆಳಕಡಲಲ್ಲಿದ್ದು ಭಾರಿ ಬ್ಯಾಟರಿ ಹೊರಬೇಕಾಗುವ ಟ್ರಾಲರ್‌ಗಿಂತ, ನಿಧಾನವಾಗಿ ಸಾಗಬಹುದಾದ ಮಲ್ಪೆ–ಸೇಂಟ್ ಮೇರೀಸ್ ದ್ವೀಪದಂಥ ಕಿರುಪಯಣಕ್ಕೆ ಬ್ಯಾಟರಿ ಹೆಚ್ಚು ಹೊಂದುತ್ತದೆ.

ನೆರೆಯ ಕೇರಳದ ವೈಕಂನಲ್ಲಿ 75 ಆಸನಗಳ ಸೌರದೋಣಿ ‘ಆದಿತ್ಯ’ 2017ರಿಂದ ಪ್ರಯಾಣಿಕರನ್ನು ಹಿನ್ನೀರು ದಾಟಿಸುತ್ತಿದೆ. ಅದು ಮಾರ್ಪಾಡಲ್ಲ, ವಿದ್ಯುತ್ತಿಗೆಂದೇ ಕಟ್ಟಿದ ದೋಣಿ.