ಗಾಜು ಏರದಿದ್ದರೆ ಮೋಟಾರನ್ನು ಬೈಯಬೇಡಿ

ಕಾರಿನ ಬಾಗಿಲೊಳಗೆ ನೀರು ಹೋಗಬಾರದು ಎಂದು ನಾವು ನಂಬಿದ್ದೇವೆ. ಬಾಗಿಲು ರೂಪಿಸಿದವರಿಗೆ ಆ ಭ್ರಮೆ ಇರಲಿಲ್ಲ. ಮಳೆಯಲ್ಲಿ ಗಾಜಿನ ಮೇಲಿಂದ ಇಳಿಯುವ ನೀರನ್ನು ಹೊರಗಿನ ರಬ್ಬರ್ ಬೀಡಿಂಗ್ ಅಷ್ಟಿಷ್ಟು ತಡೆಯುತ್ತದೆ; ಉಳಿದದ್ದು ಸೀದಾ ಬಾಗಿಲಿನ ಹೊಟ್ಟೆಗಿಳಿದು, ತಳದ ಸಣ್ಣ ತೂತುಗಳಿಂದ ರಸ್ತೆಗೆ ಸುರಿಯುತ್ತದೆ. ಗಾಜು ಏರಿಸುವ ಮೋಟಾರು, ಲಾಕು, ವೈರುಗಳೆಲ್ಲ ವಾಸಿಸುವುದು ಈ ಒದ್ದೆ ಗೂಡಿನಲ್ಲೇ. ಆಗುಂಬೆಯ ಕಡೆ ಓಡಾಡುವ ಕಾರಿಗಂತೂ ವರ್ಷದ ನಾಲ್ಕು ತಿಂಗಳು ಇದೇ ಪಾಡು. ಬಾಗಿಲು ಹಾಕುವಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ತಳದ ತೂತುಗಳಲ್ಲಿ ಎಲೆ, ಕೆಮ್ಮಣ್ಣು ಕಟ್ಟಿಕೊಂಡಿದೆ ಎಂದರ್ಥ. ಒಂದು ತೆಳು ಕಡ್ಡಿ ಸಾಕು, ಮೆಕ್ಯಾನಿಕ್ ಬೇಕಿಲ್ಲ.

ಪವರ್ ವಿಂಡೋ ಹೊಸದಲ್ಲ. 1940ರಲ್ಲೇ ಅಮೆರಿಕದ ಪ್ಯಾಕಾರ್ಡ್ ಕಂಪನಿ ದ್ರವದ ಒತ್ತಡದಿಂದ ಗಾಜು ಏರಿಸುವ ಕಾರನ್ನು ಮಾರಿತ್ತು. ಈಗಿನದು ಅದಕ್ಕಿಂತ ಸರಳ: 12 ವೋಲ್ಟಿನ, ಎರಡು ವೈರಿನ ಡಿಸಿ ಮೋಟಾರು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ತಿರುಗುವ ದಿಕ್ಕೂ ಬದಲು. ಜಾಣತನ ಇರುವುದು ಅದರ ತುದಿಯ ಗೇರಿನಲ್ಲಿ. ಸ್ಕ್ರೂವಿನಂಥ ವರ್ಮ್ ಒಂದು ಪ್ಲಾಸ್ಟಿಕ್ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಸ್ಕ್ರೂ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಸ್ಕ್ರೂವನ್ನು ತಿರುಗಿಸಲಾರದು. ಘರ್ಷಣೆ ಅದಕ್ಕೆ ಬಿಡುವುದಿಲ್ಲ. ಡಿಕ್ಕಿಯಲ್ಲಿರುವ ಸ್ಕ್ರೂ ಜಾಕು ಕಾರಿನ ಭಾರಕ್ಕೆ ತಾನಾಗಿ ಕೆಳಗಿಳಿಯದೆ ನಿಲ್ಲುವುದೂ ಇದರಿಂದಲೇ. ಹೀಗೆ ತಾನೇ ಬಿಗಿದುಕೊಳ್ಳುವ ಗೇರಿನ ದಕ್ಷತೆ ಶೇ. 50ಕ್ಕಿಂತ ಕಡಿಮೆಯೇ ಇರಬೇಕು ಎನ್ನುತ್ತದೆ ಯಂತ್ರಶಾಸ್ತ್ರದ ಲೆಕ್ಕ. ಮೋಟಾರಿನ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಬೇಕೆಂದೇ ಘರ್ಷಣೆಗೆ ಸುರಿದು, ಕಳ್ಳ ಅಂಗೈಯಿಂದ ಗಾಜನ್ನು ಕೆಳಗೆ ಒತ್ತದಂತೆ ನೋಡಿಕೊಂಡಿದ್ದಾರೆ. ದುಂದು ಅನ್ನಿ, ಆದರೆ ಇಷ್ಟು ಉಪಯೋಗದ ದುಂದು ಅಪರೂಪ.

ಮೋಟಾರು ಮತ್ತು ಗಾಜಿನ ನಡುವೆ ಇರುವುದು ‘ವಿಂಡೋ ಮಷಿನ್’. ಕೆಲವು ಕಾರುಗಳಲ್ಲಿ ಅದು ಕತ್ತರಿಯಂತೆ ಹಿಗ್ಗಿ ಕುಗ್ಗುವ ಉಕ್ಕಿನ ತೋಳು. ಹಲವು ಕಾರುಗಳಲ್ಲಿ ಪ್ಲಾಸ್ಟಿಕ್ ಗಾಲಿಗಳ ಮೇಲೆ ಓಡುವ ಉಕ್ಕಿನ ಕೇಬಲ್. ಗುಂಡಿ ಒತ್ತಿದಾಗ ಮೋಟಾರು ಗುಂಯ್ ಎನ್ನುತ್ತಾ ತಿರುಗಿಯೂ ಗಾಜು ಕದಲದಿದ್ದರೆ ಕೇಬಲ್ ಹರಿದಿದೆ, ಇಲ್ಲವೇ ಗಾಜು ಹಿಡಿದ ಪ್ಲಾಸ್ಟಿಕ್ ತುಂಡಾಗಿದೆ. ಇಂಥ ಹೊತ್ತಿನಲ್ಲಿ ಹೊಸ ಮೋಟಾರು ತಂದರೆ ದುಡ್ಡು ದಂಡ. ಸದ್ದೇ ಬರದಿದ್ದರೆ ರಾತ್ರಿ ಎಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಒಳಗಿನ ದೀಪ ಹಚ್ಚಿ ಗುಂಡಿ ಒತ್ತಿ ನೋಡಿ. ಹಳೆಯ ಬಲ್ಬಿನ ದೀಪ ತುಸು ಮಂಕಾದರೆ ಮೋಟಾರಿಗೆ ಕರೆಂಟು ಹೋಗುತ್ತಿದೆ, ಅದು ಸಿಕ್ಕಿಹಾಕಿಕೊಂಡಿದೆ. ಮಂಕಾಗದಿದ್ದರೆ ಕರೆಂಟು ದಾರಿಯಲ್ಲೆಲ್ಲೋ ನಿಂತಿದೆ, ಅಥವಾ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ. ಬ್ರಷ್ ಸವೆದ ಮೋಟಾರು ಬಾಗಿಲಿಗೊಂದು ಗುದ್ದು ಕೊಟ್ಟರೆ ಕೆಲವೊಮ್ಮೆ ಎಚ್ಚರಗೊಳ್ಳುವುದುಂಟು.

ಫ್ಯೂಸ್ ನೋಡಿದಿರಿ, ಸರಿಯಿದೆ. ಮುಂದೆ ನೋಡಬೇಕಾದದ್ದು ಬಾಗಿಲು ಮತ್ತು ಬಾಡಿಯ ನಡುವಿನ ಕಪ್ಪು ರಬ್ಬರ್ ಕೊಳವೆಯನ್ನು. ಬಾಗಿಲು ತೆರೆದಾಗಲೆಲ್ಲ ಅದರೊಳಗಿನ ವೈರುಗಳು ಬಾಗುತ್ತವೆ; ವರ್ಷಗಳ ಮೇಲೆ ತಾಮ್ರ ಒಳಗೊಳಗೇ ತುಂಡಾಗಿ, ಹೊದಿಕೆ ಮಾತ್ರ ಅಖಂಡವಾಗಿ ಉಳಿಯುತ್ತದೆ. ಬಾಗಿಲು ಅರ್ಧ ತೆರೆದಾಗ ಗಾಜು ಓಡಿ, ಮುಚ್ಚಿದಾಗ ನಿಂತರೆ ಕಳ್ಳ ಅಲ್ಲೇ ಇದ್ದಾನೆ.

ನನಗೆ ತುಂಬ ಇಷ್ಟವಾದ ಒಗಟು ಬೇರೆಯದು. ಹಿಂದಿನ ಎಡ ಬಾಗಿಲಿನ ಗಾಜು ಅಲ್ಲಿನ ಗುಂಡಿಗೂ ಜಗ್ಗುವುದಿಲ್ಲ, ಆದರೆ ದೋಷ ಇರುವುದು ಡ್ರೈವರ್ ಬಾಗಿಲಿನ ಸ್ವಿಚ್ಚಿನಲ್ಲಿ! ಸುಮ್ಮನಿದ್ದಾಗ ಮೋಟಾರಿನ ಎರಡೂ ವೈರುಗಳು ಅರ್ತಿಗೆ ಸೇರಿರುತ್ತವೆ. ಗುಂಡಿ ಒತ್ತಿದಾಗ ಒಂದು ವೈರು ಬ್ಯಾಟರಿಯ ಕಡೆ ಸೇರುತ್ತದೆ, ಇನ್ನೊಂದು ಅರ್ತಿನಲ್ಲೇ ಉಳಿದು ಸರ್ಕಿಟ್ ಪೂರ್ತಿಯಾಗುತ್ತದೆ. ಸಾದಾ ವೈರಿಂಗ್ ಇರುವ ಕಾರುಗಳಲ್ಲಿ ಹಿಂದಿನ ಗಾಜಿಗೆ ಆ ಅರ್ತ್ ಸಿಗುವುದು ಡ್ರೈವರ್ ಸ್ವಿಚ್ಚಿನ ಮೂಲಕ. ಮಳೆಯಲ್ಲಿ ಪದೇಪದೇ ಗಾಜು ಇಳಿಸಿ ಒದ್ದೆಯಾಗುವುದೂ ಅದೇ ಸ್ವಿಚ್ಚು. ಅಲ್ಲಿ ಪಾಚಿ ಬಣ್ಣದ ತುಕ್ಕು ಕಟ್ಟಿದರೆ ಎದುರು ಮೂಲೆಯ ಗಾಜು ಮುಷ್ಕರ ಹೂಡುತ್ತದೆ. ಸ್ವಿಚ್ಚು ಕಳಚಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನೋಡಿದ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಬಹುದು. ಇನ್ನು, ಮಕ್ಕಳು ಗಾಜನ್ನು ಹತ್ತಾರು ಸಲ ಏರಿಸಿ ಇಳಿಸಿ ಆಟವಾಡಿದ ಮೇಲೆ ಅದು ನಿಂತರೆ ಗಾಬರಿ ಬೇಡ. ಬಿಸಿಯಾದ ಮೋಟಾರು ಸುಡದಂತೆ ಕರೆಂಟು ಕಡಿಯುವ ವ್ಯವಸ್ಥೆ ಅದರಲ್ಲೇ ಇರುತ್ತದೆ, ತಣ್ಣಗಾದರೆ ಓಡುತ್ತದೆ.

ನಿಧಾನಕ್ಕೆ ತೆವಳುವ ಗಾಜಿಗೆ ಮದ್ದು ಬಹುಪಾಲು ಹೊರಗೇ ಇದೆ. ಗಾಜು ಜಾರುವ ರಬ್ಬರ್ ಚಾನೆಲ್ಲಿನಲ್ಲಿ ಧೂಳು ಮೆತ್ತಿದರೆ ಮೋಟಾರು ಹೆಚ್ಚು ಕರೆಂಟು ಎಳೆದು ಏದುಸಿರು ಬಿಡುತ್ತದೆ. ಬಟ್ಟೆ ತೂರಿಸಿ ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್ ಬೇಡ. ಪೆಟ್ರೋಲಿಯಂ ಎಣ್ಣೆಗೆ ಈ ರಬ್ಬರ್ ಊದಿಕೊಳ್ಳುತ್ತದೆ.

ಡೋರ್ ಪ್ಯಾಡ್ ಬಿಚ್ಚಲೇಬೇಕಾಗಿ ಬಂದರೆ ಅದರ ಹಿಂದೆ ಕಪ್ಪು ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಕಾಣುತ್ತದೆ. ಪ್ಯಾಕಿಂಗಿನ ಕಸವೆಂದು ಹರಿದು ಎಸೆಯುವವರಿದ್ದಾರೆ. ಒದ್ದೆ ಗೂಡನ್ನೂ ನಿಮ್ಮ ಕಾಲ ಕೆಳಗಿನ ಮ್ಯಾಟನ್ನೂ ಬೇರೆ ಮಾಡಿರುವುದು ಆ ಹಾಳೆಯೇ. ಅದಿಲ್ಲದ ಬಾಗಿಲು ಮುಂದಿನ ಮಳೆಗೆ ನೀರನ್ನು ಒಳಗೇ ಸುರಿಯುತ್ತದೆ. ಕತ್ತರಿ ತೋಳಿನ ಮಷಿನ್ ಇದ್ದಲ್ಲಿ ಇನ್ನೊಂದು ಎಚ್ಚರ: ಗಾಜಿನ ಭಾರ ಹೊರಲು ಅದರಲ್ಲಿ ಬಿಗಿದ ಸ್ಪ್ರಿಂಗ್ ಇರುತ್ತದೆ. ತೋಳನ್ನು ಕಟ್ಟದೆ ಮೋಟಾರು ಬಿಚ್ಚಿದರೆ ಅದು ಬೆರಳನ್ನು ಬಿಡುವುದಿಲ್ಲ. ಆ ಕೆಲಸ ಗ್ಯಾರೇಜಿಗೇ ಇರಲಿ.

ಲಾಕಿನ ಕಥೆ ಚಿಕ್ಕದು. ಹಿಂದಿನ ಬಾಗಿಲು ಒಳಗಿನಿಂದ ತೆರೆಯದಿದ್ದರೆ ಮೊದಲು ಬಾಗಿಲಂಚಿನ ಚೈಲ್ಡ್ ಲಾಕ್ ನೋಡಿ. ರಿಮೋಟ್ ಒತ್ತಿದಾಗ ಎಲ್ಲ ಬಾಗಿಲೂ ಹಾಕಿಕೊಂಡು ಮರುಕ್ಷಣವೇ ತೆರೆದುಕೊಂಡರೆ ಡ್ರೈವರ್ ಬಾಗಿಲಿನ ಲಾಕ್ ಹಾಕಿ ತೆಗೆಯುವ ಆಕ್ಚುಯೇಟರನ್ನು ಅನುಮಾನಿಸಿ. ಹೊರಗಿನಿಂದ ಹಾಕಿಸಿದ ಸೆಂಟ್ರಲ್ ಲಾಕಿಂಗ್ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಐದು ವೈರು, ಉಳಿದವಕ್ಕೆ ಎರಡು. ಹೆಚ್ಚಿನ ವೈರುಗಳು ಬೀಗ ಹಾಕಿದೆಯೋ ತೆರೆದಿದೆಯೋ ಎಂದು ವರದಿ ಒಪ್ಪಿಸುವ ಪುಟ್ಟ ಸ್ವಿಚ್ಚಿನವು. ವರದಿ ತಪ್ಪಾದರೆ ಆಜ್ಞೆಯೂ ತಪ್ಪು. ಕೀ ತಿರುಗುವುದು ಬಿಗಿಯಾದಾಗ ಕೊಬ್ಬರಿ ಎಣ್ಣೆ ಬಿಡುವುದು ನಮ್ಮವರ ರೂಢಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯ ಬೆಳಗ್ಗೆ ಕೀ ಇನ್ನಷ್ಟು ಹಟ ಹಿಡಿಯುತ್ತದೆ. ಕೀ ತೂತಿಗೆ ಗ್ರಾಫೈಟ್ ಪುಡಿ, ಬಾಗಿಲಂಚಿನ ಲಾಕಿಗೆ ಬಿಳಿ ಲಿಥಿಯಂ ಗ್ರೀಸ್ ಒಳ್ಳೆಯದು. ಲಾಕ್ ಬಿಚ್ಚಿ ಜೋಡಿಸಿದ ಮೇಲೆ ಬಾಗಿಲನ್ನು ತಕ್ಷಣ ಹಾಕಬೇಡಿ. ತೆರೆದ ಬಾಗಿಲಲ್ಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒತ್ತಿ ಮುಚ್ಚಿ, ಒಳ ಹೊರ ಎರಡೂ ಹ್ಯಾಂಡಲ್ ಎಳೆದಾಗ ಬಿಡುತ್ತದೆಯೇ ಎಂದು ನೋಡಿ. ಬಿಡದ ಲಾಕು ಮುಚ್ಚಿದ ಬಾಗಿಲೊಳಗೆ ಸೇರಿದರೆ ಪ್ಯಾಡ್ ಬಿಚ್ಚಲೂ ದಾರಿ ಉಳಿಯದು.

ಕೆಲಸಕ್ಕೆಂದು ಬ್ಯಾಟರಿ ಕಳಚಿದ್ದರೆ ಒಂದೇ ಒತ್ತಿಗೆ ಪೂರ್ತಿ ಏರುತ್ತಿದ್ದ ಗಾಜು ಅರ್ಧಕ್ಕೆ ನಿಲ್ಲಬಹುದು. ತಾನಾಗಿ ಏರುವ ಗಾಜು ಬೆರಳು ಸಿಕ್ಕಿದರೆ ಸುಮಾರು ಹತ್ತು ಕಿಲೋ ಭಾರದಷ್ಟು, ಅಂದರೆ 100 ನ್ಯೂಟನ್ ಬಲ ಮೀರುವ ಮೊದಲೇ ಹಿಂದೆ ಸರಿಯಬೇಕೆಂಬ ನಿಯಮವಿದೆ. ಹಾಗೆ ಸರಿಯಲು ತಾನು ಎಲ್ಲಿದೆ ಎಂದು ಗಾಜಿಗೆ ಗೊತ್ತಿರಬೇಕು. ಬ್ಯಾಟರಿ ಹೋದಾಗ ಆ ಲೆಕ್ಕ ಅಳಿಸಿಹೋಗಿರುತ್ತದೆ. ಹಲವು ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ, ಗುಂಡಿಯನ್ನು ಇನ್ನೂ ಕೆಲವು ಸೆಕೆಂಡು ಎಳೆದು ಹಿಡಿದರೆ ಲೆಕ್ಕ ಮತ್ತೆ ಶುರುವಾಗುತ್ತದೆ.